ಮೂರನೇ ಕೆರೆಯ ದಂಡೆ

ಹುಕ್ಕೇರಿ
16 ಜೂನ್ 2024

ಪ್ರೀತಿಯ ಅವ್ವನಿಗೆ,

ಹಾಸ್ಟೆಲ್ ಸೇರಿ ಇಂದಿಗೆ ಹತ್ತು ದಿನವಾಯಿತು. ಒಂಬತ್ತನೇ ತರಗತಿಯಲ್ಲಿ ನಾವು ನಲವತ್ತೊಂದು ಹುಡುಗಿಯರು. ಬೆಳಗಿನ ಉಪ್ಪಿಟ್ಟೊಂದನ್ನು ಬಿಟ್ಟರೆ ಊಟ ಚೆನ್ನಾಗಿದೆ. ಅಡುಗೆಯ ಶೋಭಕ್ಕ ನಮ್ಮ ಮೂಡಲಗಿಯವಳೇ. ನಾನು ಅಂಗನವಾಡಿ ಟೀಚರ ಮಗಳು ಎಂದು ತಿಳಿದ ಮೇಲೆ ನನಗೆ ಬಿಸಿ ರೊಟ್ಟಿಯನ್ನೇ ಹಾಕುತ್ತಾಳೆ. ಇಲ್ಲಿ ಮೊಬೈಲು, ಟ್ಯಾಬು ಏನೂ ಇಟ್ಟುಕೊಳ್ಳುವಂತಿಲ್ಲ. ಕಾಗದವೇ ಗತಿ. ಅದನ್ನೂ ವಾರ್ಡನ್ ಮೇಡಂ ಓದಿದ ಮೇಲೆ ಪೋಸ್ಟಿಗೆ ಹಾಕುತ್ತಾರೆ. ನಿನ್ನ ಕೈಗೇ ಬೇಗ ಸಿಗಲಿ ಎಂದು ಅಂಗನವಾಡಿಯ ವಿಳಾಸ ಬರೆದಿದ್ದೇನೆ.

ಅವ್ವಾ, ನನ್ನದೊಂದು ಕೆಲಸ ಮಾಡಿಕೊಡಬೇಕು. ನನ್ನ ಟ್ಯಾಬಿನಲ್ಲಿ ‘ನೀರನಾಡು’ ಎಂಬ ಆಟವಿದೆ. ಕತ್ತಿ, ರಾಕ್ಷಸರು, ಯುದ್ಧ ಎಲ್ಲ ಬರುತ್ತವೆ. ಅದರ ಗೊಡವೆ ನಿನಗೆ ಬೇಡ. ನನ್ನ ಬೊಂಬೆಯ ಹೆಸರು ಗುಬ್ಬಿ. ಅವಳು ಈಗ ಮೂರನೇ ಕೆರೆಯ ದಂಡೆಯಲ್ಲಿ ಕುಳಿತಿದ್ದಾಳೆ. ದಿನಾ ಸಂಜೆ ಏಳಕ್ಕೆ ನಿನ್ನ ಮೊಬೈಲಿನ ನೆಟ್ ಹಚ್ಚಿ, ಆಟ ತೆರೆದು, ಹತ್ತು ನಿಮಿಷ ಗಾಳ ಹಾಕು. ಬೆಂಡು ಮುಳುಗಿದ ಕೂಡಲೇ ಬೆರಳಿನಿಂದ ಒತ್ತಬೇಕು. ಆಮೇಲೆ ಒಂದು ಹಸಿರು ಪಟ್ಟಿ ಬರುತ್ತದೆ, ಮೀನು ಎತ್ತ ಓಡಿದರೂ ಅದು ಪಟ್ಟಿಯ ಒಳಗೇ ಇರುವಂತೆ ನೋಡಿಕೊಳ್ಳಬೇಕು. ಬಹಳ ಜಗ್ಗಿದರೆ ದಾರ ಹರಿಯುತ್ತದೆ.

ಒಂದು ದಿನವೂ ತಪ್ಪಿಸಬೇಡ. ತಪ್ಪಿದರೆ ನನ್ನ ಆಟ ಕೆಡುತ್ತದೆ. ಅಪ್ಪನಿಗೆ, ಸೋಮಣ್ಣನಿಗೆ ತೋರಿಸಬೇಡ, ನಗುತ್ತಾರೆ.

ನಿನ್ನ ಮಗಳು
ರಾಜೇಶ್ವರಿ


ಮೂಡಲಗಿ
28 ಜೂನ್ 2024

ಚಿರಂಜೀವಿ ರಾಜಿಗೆ,

ನಿನ್ನ ಕಾಗದ ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳಿಗೆ ಮೀನು ಹಿಡಿ ಎನ್ನುತ್ತೀಯಲ್ಲ! ಆದರೂ ಮಗಳು ಮೊದಲ ಸಲ ದೂರ ಹೋಗಿ ಕೇಳಿದ್ದಾಳೆ ಎಂದು ಅಡುಗೆಮನೆಯಲ್ಲಿ ಕುಳಿತು ತೆರೆದೆ. ಮೂರು ದಿನ ಬರೀ ದಾರ ಹರಿಯಿತು. ನಾಲ್ಕನೇ ದಿನ ಒಂದು ಬೆಳ್ಳಗಿನ ಮೀನು ಸಿಕ್ಕಿತು. ಅದು ಬಾಲ ಬಡಿಯುವುದನ್ನು ನೋಡಲಾಗದೆ ನೀರಿಗೆ ಬಿಡುವ ಗುಂಡಿ ಹುಡುಕಿ ಬಿಟ್ಟುಬಿಟ್ಟೆ. ಸಿಟ್ಟಾಗಬೇಡ.

ಈಗ ಮುಖ್ಯ ಮಾತು. ಆ ಕೆರೆಯ ದಂಡೆಯಲ್ಲಿ ನಿನ್ನ ಗುಬ್ಬಿಯ ಬಾಜೂಕ್ಕೇ ಒಬ್ಬರು ಬಂದು ಕೂರುತ್ತಾರೆ. ಕೆಂಪು ರುಮಾಲು ಸುತ್ತಿದ ಬೊಂಬೆ, ಹೆಸರು ಕರಿಬೇವು. ಸರಿಯಾಗಿ ಏಳಕ್ಕೆ ಬರುತ್ತಾರೆ. ಮೊನ್ನೆ ತಲೆಯ ಮೇಲೆ ಅಕ್ಷರ ಮೂಡಿತು: “ಊಟ ಆತೇನ?” ನಿನ್ನೆ: “ಯಾಕ ಸುಮ್ಮನದಿ? ಮನ್ಯಾಗ ಏನರ ಆತೇನ?” ಗಾಬರಿಯಾಗಿ ಟ್ಯಾಬನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟುಬಿಟ್ಟೆ.

ಯಾರದು? ನಮ್ಮ ಭಾಷೆಯನ್ನೇ ಆಡುವ, ನಮ್ಮ ಮನೆಯ ವಿಚಾರ ಕೇಳುವ ಈ ಮನುಷ್ಯ ನಿನಗೆ ಹೇಗೆ ಗೊತ್ತು? ಹೆಣ್ಣುಮಕ್ಕಳಿಗೆ ಹೀಗೆ ಮಾತು ಹಚ್ಚಿ ಎಲ್ಲಿಗೋ ಕರೆಸಿಕೊಳ್ಳುವ ಸುದ್ದಿ ಪೇಪರಿನಲ್ಲಿ ದಿನವೂ ಬರುತ್ತದೆ. ಈ ಮನೆಯಿಂದ ಒಬ್ಬಳು ಹೋಗಿದ್ದು ಸಾಲದೇ? ಖರೆ ಹೇಳು. ಇಲ್ಲದಿದ್ದರೆ ಕಾಕಾನ ಮಗ ಸೋಮಲಿಂಗನ ಕೈಗೆ ಟ್ಯಾಬ್ ಕೊಟ್ಟು ಅವನಾರೆಂದು ಹುಡುಕಿಸುತ್ತೇನೆ. ಅವನಿಗೆ ಇದೆಲ್ಲ ತಿಳಿಯುತ್ತದೆ.

ನಿನ್ನ ಅವ್ವ
ಶಿವಗಂಗವ್ವ


ಹುಕ್ಕೇರಿ
4 ಜುಲೈ 2024

ಪ್ರೀತಿಯ ಅವ್ವನಿಗೆ,

ದಯಮಾಡಿ ಸೋಮಣ್ಣನಿಗೆ ಕೊಡಬೇಡ. ನಿನ್ನ ಕಾಲು ಹಿಡಿಯುತ್ತೇನೆ. ಅವಳು ಕೆಟ್ಟವಳಲ್ಲ. ಇದಕ್ಕಿಂತ ಹೆಚ್ಚು ಇಲ್ಲಿ ಬರೆಯಲಾರೆ. ನಿನ್ನ ಕಾಗದವನ್ನು ಓದಿದ ವಾರ್ಡನ್ ಮೇಡಂ ನನ್ನನ್ನು ಆಫೀಸಿಗೆ ಕರೆದು ಅರ್ಧ ತಾಸು ವಿಚಾರಿಸಿದರು. ಆಟದಲ್ಲಿ ಸಿಕ್ಕ ಗೆಳತಿ ಎಂದು ಹೇಳಿದೆ.

ನೀನು ಏಳಕ್ಕೆ ಹೋಗುವುದನ್ನು ಮಾತ್ರ ಬಿಡಬೇಡ.

ರಾಜೇಶ್ವರಿ


ಮೂಡಲಗಿ
15 ಜುಲೈ 2024

ರಾಜಿ,

ಈ ಕಾಗದ ವಾರ್ಡನ್ ಕೈಗೆ ಹೋಗುವುದಿಲ್ಲ. ಶೋಭಾಳ ತಮ್ಮ ದಿನಾ ಹಾಲಿನ ಗಾಡಿ ತೆಗೆದುಕೊಂಡು ಹುಕ್ಕೇರಿಗೆ ಹೋಗುತ್ತಾನೆ. ಅವನಿಂದ ಶೋಭಾಳಿಗೆ, ಅವಳಿಂದ ನಿನಗೆ. ನೀನೂ ಇನ್ನು ಹೀಗೇ ಕಳಿಸು. ಓದಿದ ಮೇಲೆ ಒಲೆಗೆ ಹಾಕು.

ನಿನ್ನ ಕಾಗದದಲ್ಲಿ ‘ಅವಳು’ ಎಂಬ ಮಾತು ಓದಿದಾಗಲೇ ನನಗೆ ಅನುಮಾನ ಬಂತು. ಅದೇ ಸಂಜೆ ಕೆರೆಗೆ ಹೋದೆ. ಕರಿಬೇವು ಬಂದು ಬಾಜೂ ಕುಳಿತಳು. ಒಂದು ಮೀನು ಸಿಕ್ಕಿತು, ಬಿಟ್ಟೆ. ಇನ್ನೊಂದು ಸಿಕ್ಕಿತು, ಬಿಟ್ಟೆ. ಹೀಗೆ ಐದಾರು ಬಿಟ್ಟಿರಬೇಕು. ಅವಳು ತನ್ನ ಗಾಳವನ್ನು ನೀರಿನಿಂದ ಮೇಲೆತ್ತಿ ನನ್ನ ಕಡೆ ತಿರುಗಿದಳು. ಆಮೇಲೆ ಅವಳ ತಲೆಯ ಮೇಲೆ ಒಂದೇ ಮಾತು ಮೂಡಿತು.

“ಅವ್ವಾ?”

ಟ್ಯಾಬ್ ಮುಚ್ಚಿಬಿಟ್ಟೆ. ಮರುದಿನ ಏಳಕ್ಕೆ ಮತ್ತೆ ಹೋದೆ. ಅವಳು ಅಲ್ಲೇ ಇದ್ದಳು. ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ: “ಹೂಂ. ನಾನ.”

“ಹಿಡದ ಮೀನಾ ಯಾರರ ಬಿಡ್ತಾರೇನ ಈ ಆಟದಾಗ? ನಮ್ಮವ್ವ ಒಬ್ಬಾಕಿನ,” ಎಂದಳು ನಿನ್ನ ಅಕ್ಕ. ಒಂಬತ್ತು ತಿಂಗಳ ಮೇಲೆ ಸುಮನ್ ನನ್ನೊಡನೆ ಆಡಿದ ಮೊದಲ ಮಾತು ಅದು.

ನಿನಗೆ ಹದಿನಾಲ್ಕು ತುಂಬಿತು. ಅಕ್ಕ ಕಾಕಾನ ವಿರುದ್ಧ ನಿಂತಳು ಎಂದಷ್ಟೇ ನಿನಗೆ ಹೇಳಿದ್ದೆವು. ಪೂರಾ ಕೇಳು. ಹೋದ ವರ್ಷ ಜನವರಿಯಲ್ಲಿ, ಕಬ್ಬಿನ ಹಂಗಾಮಿನಲ್ಲಿ, ಗೋಕಾಕ ರಸ್ತೆಯ ಕ್ರಾಸಿನ ಹತ್ತಿರ ನಮ್ಮ ಟ್ರ್ಯಾಕ್ಟರ್ ಸೈಕಲ್ ಮೇಲೆ ಬರುತ್ತಿದ್ದ ಅಪ್ಪಣ್ಣ ಎಂಬ ಮುದುಕನ ಮೇಲೆ ಹೋಯಿತು. ಆತ ಅಲ್ಲೇ ತೀರಿಕೊಂಡ. ಗೋಕಾಕದ ದವಾಖಾನೆಯಲ್ಲಿ ಕೆಲಸ ಮುಗಿಸಿ ಸುಮನ್ ಆಗಷ್ಟೇ ಬಸ್ಸಿಳಿದು ಅಲ್ಲಿ ನಿಂತಿದ್ದಳು. ಗಾಡಿ ಹೊಡೆಯುತ್ತಿದ್ದವನು ನಿನ್ನ ಶ್ರೀಶೈಲ ಕಾಕಾ. ಕುಡಿದಿದ್ದ. “ನೀ ಮನಿಗಿ ನಡಿ, ಏನೂ ನೋಡಿಲ್ಲ,” ಅಂದನಂತೆ. ಮರುದಿನ ನಮ್ಮ ಡ್ರೈವರ್ ಲಗಮಣ್ಣ ತಾನೇ ಪೊಲೀಸರ ಮುಂದೆ ಹೋಗಿ ಗಾಡಿ ತನ್ನ ಕೈಯಲ್ಲಿತ್ತು ಎಂದು ಒಪ್ಪಿಕೊಂಡ. ಹಾಗೆ ಹೇಳು, ನಾಲ್ಕು ತಿಂಗಳಲ್ಲಿ ಬಿಡಿಸಿಕೊಂಡು ಬರುತ್ತೇವೆ ಎಂದು ಅವನನ್ನು ಕೂಡಿಸಿಕೊಂಡು ಹೇಳಿದವನು ನಿನ್ನ ಕಾಕಾ. ಬಾಜೂ ಕುಳಿತು ಹೂಂಗುಟ್ಟಿದವರು ನಿನ್ನ ಅಪ್ಪ.

ಒಂಬತ್ತು ತಿಂಗಳು ಸುಮನ್ ಬಾಯಿ ಮುಚ್ಚಿಕೊಂಡಿದ್ದಳು. ಲಗಮಣ್ಣನಿಗೆ ಶಿಕ್ಷೆ ಆಗುವುದು ಖರೆ ಎಂದು ತಿಳಿದಾಗ ಗೋಕಾಕದಲ್ಲಿ ಅವನ ವಕೀಲರ ಬಳಿ ಹೋಗಿ ಕಂಡದ್ದನ್ನು ಬರೆದುಕೊಟ್ಟಳು. ಅವತ್ತು ಸಂಜೆ ಅವಳು ಮನೆಗೆ ಬಂದಾಗ ನಿನ್ನ ಅಪ್ಪ ಬಾಗಿಲು ಹಾಕಿದರು. ನೀನು ಟ್ಯೂಷನ್ನಿಗೆ ಹೋಗಿದ್ದೆ. ಅವಳು ಬಾಗಿಲು ಬಡಿದು “ಅವ್ವಾ, ನೀ ಅರ ತಗಿ” ಎಂದಳು. ನಾನು ಒಳಗೆ ನಿಂತಿದ್ದೆ. ಕೈ ಚಿಲಕದ ಮೇಲಿತ್ತು. ತೆಗೆಯಲಿಲ್ಲ.

ಇದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಅವ್ವ


ಹುಕ್ಕೇರಿ
22 ಜುಲೈ 2024

ಅವ್ವಾ,

ನಿನ್ನ ಕಾಗದವನ್ನು ಒಲೆಗೆ ಹಾಕಿದೆ. ನಾಲ್ಕು ದಿನ ನಿನಗೆ ಉತ್ತರ ಬರೆಯುವ ಮನಸ್ಸೇ ಆಗಲಿಲ್ಲ. ಅಕ್ಕ ತಾನಾಗಿ ಸಿಟ್ಟು ಮಾಡಿಕೊಂಡು ಹೋದಳು ಎಂದು ನೀನೇ ನನಗೆ ಹೇಳಿದ್ದೆ. ಅದನ್ನು ನಂಬಿ ನಾನು ಎಷ್ಟೋ ದಿನ ಅವಳನ್ನು ಬೈದುಕೊಂಡಿದ್ದೆ.

ಆಟವನ್ನು ನನಗೆ ಕಲಿಸಿದ್ದು ಅಕ್ಕನೇ. ಈ ವರ್ಷ ಜನವರಿಯಲ್ಲಿ ಒಂದು ಸಂಜೆ ಮೂರನೇ ಕೆರೆಗೆ ಹೋದಾಗ ಕರಿಬೇವು ಕುಳಿತಿದ್ದಳು. ಅವತ್ತಿನಿಂದ ದಿನಾ ಏಳಕ್ಕೆ. ಅಲ್ಲಿ ಯುದ್ಧ ಮಾಡುವವರು ಯಾರೂ ಬರುವುದಿಲ್ಲ. ಮೀನು ಹಿಡಿಯುವುದು ಬೇಜಾರಿನ ಕೆಲಸ ಎಂದು ಎಲ್ಲರೂ ಓಡಿಹೋಗುತ್ತಾರೆ. ಅದಕ್ಕೇ ಅಕ್ಕ ಆ ಜಾಗ ಆರಿಸಿದ್ದಳು. ಎಲ್ಲಿದ್ದಾಳೆಂದು ನಾನು ಕೇಳಬಾರದು, ಅವಳು ಹೇಳಬಾರದು. ಇದು ನಮ್ಮ ಕರಾರು. ನೀನೂ ಕೇಳಬೇಡ. ಹಾಸ್ಟೆಲ್‌ಗೆ ಹೋಗುತ್ತೇನೆ ಎಂದು ಅವಳಿಗೆ ಹೇಳಿರಲಿಲ್ಲ, ಹೇಳಿದ್ದರೆ ಕೆರೆಗೆ ಬರುವುದನ್ನೇ ಬಿಡುತ್ತಿದ್ದಳು.

ಅವಳು ಚೆನ್ನಾಗಿದ್ದಾಳೆಯೇ? ಕೆಮ್ಮು ಹೋಯಿತೇ?

ರಾಜಿ


ಮೂಡಲಗಿ
13 ಆಗಸ್ಟ್ 2024

ರಾಜಿ,

ಅಕ್ಕನ ಕೆಮ್ಮು ಹೋಗಿದೆ. ದಿನವೂ ಹತ್ತು ನಿಮಿಷ ಮಾತಾಡುತ್ತೇವೆ. ನನ್ನ ಕೈ ಈಗ ಸ್ವಲ್ಪ ಪಳಗಿದೆ. ಗಾಳ ಹಾಕದೆ ಬರೀ ಕುಳಿತರೆ ಆಟವೇ ಹೊರಗೆ ಹಾಕುತ್ತದೆ. ಅದಕ್ಕೇ ಹಿಡಿಯುವುದು, ಬಿಡುವುದು, ನಡುನಡುವೆ ಒಂದು ಮಾತು.

ಬಾಗಿಲಿನ ವಿಚಾರ ನಾನೇ ತೆಗೆದೆ. “ನೀ ಒಳಗ ನಿಂತಿದ್ದಿ ಅಂತ ಗೊತ್ತಿತ್ತವ್ವಾ. ಬಾಗಲಾ ಸಂದ್ಯಾಗ ನಿನ್ನ ಸೀರಿ ಕಾಣಸ್ತಿತ್ತು,” ಎಂದಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಫೋನ್ ನಂಬರ್ ಆದರೂ ಕೊಡು ಎಂದು ಕೇಳಿಬಿಟ್ಟೆ. ನಿನ್ನ ಮಾತು ಮೀರಿದೆ. “ನಿಂಗ ಗೊತ್ತಿದ್ರ ಹೇಳಸ್ತಾರ. ಗೊತ್ತಿಲ್ಲದ್ದನ್ನ ಯಾರೂ ಹೇಳಸಾಕ ಆಗೂದಿಲ್ಲ,” ಎಂದಳು. ಅವಳು ಹೇಳಿದ್ದು ಸರಿ. ನನ್ನ ಮೊಬೈಲನ್ನು ಕೊಡಿಸಿದವನು ಸೋಮಲಿಂಗ. ಆಗಾಗ ತೆಗೆದುಕೊಂಡು ನೋಡುತ್ತಾನೆ.

ಸೆಪ್ಟೆಂಬರ್ ಹನ್ನೆರಡಕ್ಕೆ ಗೋಕಾಕ ಕೋರ್ಟಿನಲ್ಲಿ ಅವಳ ಸಾಕ್ಷಿ. ನಾಗರ ಪಂಚಮಿಯ ದಿನ ಶ್ರೀಶೈಲ ಉಂಡಿ ತಿನ್ನಲು ಕುಳಿತವನು ನನ್ನನ್ನೇ ನೋಡುತ್ತ ಕೇಳಿದ: “ವೈನಿ, ಹಬ್ಬಕ್ಕ ಹೆಣಮಕ್ಕಳು ತವರಿಗಿ ಬರ್ತಾರ. ಸುಮನ್ ಎಲ್ಲದಾಳ? ಮಾತಾಡೂದೈತಿ, ಅಷ್ಟ.” ಗೊತ್ತಿಲ್ಲ ಎಂದೆ. ನಿನ್ನ ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

ನಿನ್ನೆ ಇನ್ನೊಂದು ಆಯಿತು. ಸೋಮಲಿಂಗ ಅಡುಗೆಮನೆಗೆ ನೀರು ಕೇಳಿಕೊಂಡು ಬಂದ. ಟ್ಯಾಬ್ ಮುಚ್ಚಲು ಆಗಲಿಲ್ಲ. “ದೊಡ್ಡವ್ವಾ, ನೀ ಮೀನ ಹಿಡ್ಯಾಕತ್ತಿಯೇನ?” ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ ಪರದೆಯನ್ನೇ ನೋಡಿದ. ಕರಿಬೇವಿನ ತಲೆಯ ಮೇಲೆ ಏನು ಬರೆದಿತ್ತೋ ನನಗೆ ನೆನಪಿಲ್ಲ. ‘ಅವ್ವಾ’ ಎಂದು ಇತ್ತೇ? ಇರಲಿಲ್ಲವೇ? ನೀರು ಕುಡಿದು ಹೋದ.

ಅವ್ವ


ಮೂಡಲಗಿ
27 ಆಗಸ್ಟ್ 2024

ರಾಜಿ,

ಟ್ಯಾಬ್ ಹೋಯಿತು. ನಾನು ಅಂಗನವಾಡಿಯಲ್ಲಿದ್ದಾಗ ಸೋಮಲಿಂಗ ಬಂದು ಅಪ್ಪನ ಕೈಯಿಂದ ಇಸಿದುಕೊಂಡು ಹೋಗಿದ್ದಾನೆ. ಕೇಳಿದರೆ, “ಭಾಳ ಹಳೇದಾಗೇತಿ ದೊಡ್ಡವ್ವಾ, ರಿಪೇರಿ ಮಾಡಿ ಕೊಡ್ತೇನಿ,” ಎನ್ನುತ್ತಾನೆ. ನಿನ್ನೆ ಸಂಜೆ ಏಳಕ್ಕೆ ಅವರ ಮನೆಯ ಪಡಸಾಲೆಯಲ್ಲಿ ಕುಳಿತು ಆಡುತ್ತಿದ್ದ. ಅಂಗಳದಿಂದಲೇ ಕಂಡೆ. ಬಾಜೂಕ್ಕೆ ಶ್ರೀಶೈಲ ಕುಳಿತಿದ್ದ.

ಗುಬ್ಬಿಯ ಬಾಯಿಯಿಂದ ಅವನು ಏನು ಕೇಳುತ್ತಾನೆ, ಅವಳು ಏನು ಹೇಳಿಬಿಡುತ್ತಾಳೆ? ಗುಬ್ಬಿ ಎಂದರೆ ನಾನೇ ಎಂದು ಸುಮನ್ ತಿಳಿಯುತ್ತಾಳೆ. ಪೊಲೀಸರ ಬಳಿ ಹೋಗೋಣ ಎಂದುಕೊಂಡೆ. ಏನೆಂದು ಹೇಳಲಿ? ಮೈದುನನ ಮಗ ಟ್ಯಾಬಿನಲ್ಲಿ ಮೀನು ಹಿಡಿಯುತ್ತಿದ್ದಾನೆ ಎಂದೇ?

ಆ ಕೆರೆಗೆ ಹೋಗಲು ಬೇರೆ ದಾರಿ ಇದ್ದರೆ ಇವತ್ತೇ ಹುಡುಕು.

ಅವ್ವ


ಹುಕ್ಕೇರಿ
30 ಆಗಸ್ಟ್ 2024

ಅವ್ವಾ,

ಶೋಭಕ್ಕನಿಗೆ ಎಲ್ಲ ಹೇಳಿದೆ. ಅವಳು ಸಂಜೆಯ ಅಡುಗೆ ಹೊತ್ತಿನಲ್ಲಿ ಕಾಯಿಪಲ್ಲೆ ಹೆಚ್ಚಲು ಎಂದು ನನ್ನನ್ನು ಅಡುಗೆಕೋಣೆಗೆ ಕರೆಸಿಕೊಂಡು ತನ್ನ ಮೊಬೈಲ್ ಕೊಟ್ಟಳು. ಗುಬ್ಬಿಯ ಪಾಸ್‌ವರ್ಡ್ ಹಾಕಿ ನೋಡಿದೆ. ಸೋಮಣ್ಣ ಬದಲಾಯಿಸಿಬಿಟ್ಟಿದ್ದಾನೆ. ಹೊಸ ಬೊಂಬೆ ಮಾಡಿದೆ. ಆದರೆ ಹೊಸಬರು ನೆಟ್ಟಗೆ ಮೂರನೇ ಕೆರೆಗೆ ಹೋಗಲಾಗದು. ಮೊದಲ ಕೆರೆಯಲ್ಲಿ ಹನ್ನೆರಡು ಮೀನು ಹಿಡಿದು ತೋರಿಸಿದರೆ ಮಾತ್ರ ಅಂಬಿಗ ದೋಣಿಯಲ್ಲಿ ದಾಟಿಸುತ್ತಾನೆ. ಬುಧವಾರ ಏಳು ಮೀನು ಆಗುವಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ನಿನ್ನೆ ಉಳಿದ ಐದು ಹಿಡಿದೆ. ಅವಸರದಲ್ಲಿ ಎರಡು ಸಲ ದಾರ ಹರಿಯಿತು. ದೋಣಿ ಇಳಿದಾಗ ಏಳು ಹೊಡೆದು ಹತ್ತು ನಿಮಿಷ.

ದಂಡೆಯಲ್ಲಿ ನನ್ನ ಗುಬ್ಬಿ ಕುಳಿತಿದ್ದಳು, ಅವ್ವಾ. ನಾನೇ ಬೇರೆ ಯಾರೋ ಆಗಿ ನನ್ನನ್ನು ನೋಡಿದ ಹಾಗಾಯಿತು. ಬಾಜೂಕ್ಕೆ ಅಕ್ಕ. ಗುಬ್ಬಿ ಒಂದರ ಹಿಂದೊಂದು ಮೀನು ಎಳೆದು ಬುಟ್ಟಿಗೆ ಹಾಕುತ್ತಿದ್ದಳು. ಸೋಮಣ್ಣನ ಕೈ ಚುರುಕು. ಗುಬ್ಬಿಯ ತಲೆಯ ಮೇಲೆ ಅಕ್ಷರ ಬಂತು: “ಸುಮನ್, ನಿನ್ನ ನೋಡಬೇಕಾಗೇತಿ. ಎಲ್ಲದಿ ಹೇಳ. ನಾ ಒಬ್ಬಾಕಿನ ಬರ್ತೇನಿ.”

‘ಅಕ್ಕಾ, ಅದು ಅವ್ವ ಅಲ್ಲ’ ಎಂದು ಬರೆದು ಒತ್ತಿದೆ. ಹೋಗಲಿಲ್ಲ. ಹತ್ತನೇ ಲೆವೆಲ್ ದಾಟುವವರೆಗೆ ಹೊಸಬರಿಗೆ ಮಾತಾಡಲು ಬಿಡುವುದಿಲ್ಲ. ನನ್ನದು ಇನ್ನೂ ಎರಡು. ಅಕ್ಕನ ಎದುರಿಗೆ ಹೋಗಿ ನಿಂತೆ, ಅವಳು ನನ್ನನ್ನು ನೋಡಲೂ ಇಲ್ಲ. ಬೇರೇನೂ ತೋಚದೆ ಅಲ್ಲೇ ಗಾಳ ಹಾಕಿದೆ. ಒಂದು ಮೀನು ಹಿಡಿದು ಬಿಟ್ಟೆ. ಮತ್ತೊಂದು ಹಿಡಿದು ಬಿಟ್ಟೆ. ಮೂರನೆಯದನ್ನು ಬಿಡುವಾಗ ಅಕ್ಕನ ಬೊಂಬೆ ತಿರುಗಿ ನನ್ನ ಕಡೆ ನೋಡಿತು.

ಆಮೇಲೆ ಅವಳು ಗುಬ್ಬಿಗೆ ಬರೆದಳು: “ಧುಪದಾಳದಾಗ ಅದೇನಿ. ಒಡ್ಡಿನ ಹಂತೇಕ ಹಸರ ಬಾಗಲದ ಮನಿ. ಐತವಾರ ಹತ್ತಕ್ಕ ಬಾ.” ಬರೆದವಳೇ ಮಾಯವಾದಳು.

ನನಗೆ ಅರ್ಥವಾಗುತ್ತಿಲ್ಲ. ನಾನು ಯಾರೆಂದು ತಿಳಿದು ಸುಳ್ಳು ಹೇಳಿದಳೋ, ತಿಳಿಯದೆ ಖರೆ ಹೇಳಿಬಿಟ್ಟಳೋ? ನಾಡಿದ್ದೇ ಐತವಾರ.

ರಾಜಿ


ಮೂಡಲಗಿ
3 ಸೆಪ್ಟೆಂಬರ್ 2024

ರಾಜಿ,

ನಿನ್ನ ಕಾಗದ ಶನಿವಾರ ಸಿಕ್ಕಿತು. ಐತವಾರ ಬೆಳಿಗ್ಗೆ ಎಂಟಕ್ಕೆ ಶ್ರೀಶೈಲ ಜೀಪು ತೆಗೆದ. ಒಳಗೆ ಸೋಮಲಿಂಗ, ಜೊತೆಗೆ ನನಗೆ ಗುರುತಿಲ್ಲದ ಇಬ್ಬರು. ನಿನ್ನ ಅಪ್ಪ ಪಡಸಾಲೆಯಲ್ಲಿ ಪೇಪರ್ ಹಿಡಿದು ಕುಳಿತಿದ್ದರು. ಅವರ ಮುಂದೆ ಹೋಗಿ ನಿಂತೆ.

“ನಿಮ್ಮ ತಮ್ಮ ಎಲ್ಲಿ ಹೊಂಟಾನ ಗೊತ್ತೈತೇನ್ರಿ?”

“ಸುಮನ್ ಕೂಡ ಮಾತಾಡಾಕ.”

“ಒಂದ ಹುಡುಗಿ ಕೂಡ ಮಾತಾಡಾಕ ನಾಕ ಮಂದಿ ಯಾಕ ಬೇಕ್ರಿ?”

ಪೇಪರ್ ಇಳಿಸಲಿಲ್ಲ. “ನೀ ಒಳಗ ಹೋಗ,” ಎಂದರು.

ನಾನು ಹೊರಗೆ ನಡೆದೆ. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಹೇಳದೆ ಕೇಳದೆ ಹೊಸ್ತಿಲು ದಾಟಿದ್ದು ಅದೇ ಮೊದಲು. ಘಟಪ್ರಭೆಯವರೆಗೆ ಬಸ್ಸು, ಅಲ್ಲಿಂದ ಟಂಟಂ ಆಟೋ. ಧುಪದಾಳ ಮುಟ್ಟಿದಾಗ ಹತ್ತೂವರೆ. ಒಡ್ಡಿನ ಮೇಲಿಂದ ಕೆಂಪು ನೀರು ಧುಮುಕುತ್ತಿತ್ತು, ಆ ಸದ್ದಿನಲ್ಲಿ ಯಾರು ಕೂಗಿದರೂ ಕೇಳುವಂತಿರಲಿಲ್ಲ. ನಾಲ್ವರೂ ಮನೆ ಮನೆ ತಿರುಗುತ್ತಿದ್ದರು. ಹಸಿರು ಬಾಗಿಲಿನ ಮನೆಗಳು ಅಲ್ಲಿ ಒಂದಲ್ಲ, ಎಂಟೋ ಹತ್ತೋ ಇವೆ. ಒಂದೊಂದು ಬಾಗಿಲು ತೆರೆದಾಗಲೂ ಕತ್ತು ಚಾಚಿ ನೋಡುತ್ತಿದ್ದೆ. ಒಂದು ಮನೆಯಿಂದ ಎತ್ತರದ ಹುಡುಗಿ ಹೊರಗೆ ಬಂದಾಗ ಒಡ್ಡಿನ ಕಲ್ಲಿನ ಮೇಲೆ ಕುಳಿತಿದ್ದವಳು ಎದ್ದು ಓಡಿದೆ. ಸುಮನ್ ಅಲ್ಲ, ಬೇರೆ ಯಾರದೋ ಮಗಳು.

ಅವರಿಗೆ ಯಾರೂ ಸಿಗಲಿಲ್ಲ. ಶ್ರೀಶೈಲ ನನ್ನನ್ನು ಕಂಡು ಹತ್ತಿರ ಬಂದ.

“ವೈನಿ, ನೀವ್ಯಾಕ ಬಂದ್ರಿ?”

“ನೀವ ಬಂದೀರಲ್ಲ, ಅದಕ್ಕ.”

“ಅಕಿ ಬಾಯಿ ತಗದ್ರ ನಾ ಜೈಲಿಗಿ ಹೋಗ್ತೇನಿ. ನಮ್ಮ ಮನಿತನ ಹಾಳಾಗ್ತೈತಿ. ಗೊತ್ತೈತೋ ಇಲ್ಲೋ?”

“ಗೊತ್ತೈತಿ,” ಎಂದೆ. ಹೊಡೆಯುತ್ತಾನೆ ಎಂದೇ ತಿಳಿದೆ. ಟ್ಯಾಬನ್ನು ಸೋಮಲಿಂಗನ ಕೈಯಿಂದ ಕಸಿದು ಒಡ್ಡಿನ ಕಲ್ಲಿಗೆ ಎತ್ತಿ ಬಡಿದ. ಗಾಜು ನನ್ನ ಕಾಲಬಳಿ ಬಂದು ಬಿತ್ತು.

ಸುಳ್ಳು ವಿಳಾಸ ಎಂಬುದೊಂದೇ ಸಮಾಧಾನ. ಆದರೆ ಈಗ ಅವಳು ಎಲ್ಲಿದ್ದಾಳೋ, ಇವರು ಇನ್ನೆಲ್ಲಿ ಹುಡುಕುತ್ತಾರೋ. ಹನ್ನೆರಡಕ್ಕೆ ಇನ್ನೂ ಒಂಬತ್ತು ದಿನ.

ಅವ್ವ


ಹುಕ್ಕೇರಿ
8 ಸೆಪ್ಟೆಂಬರ್ 2024

ಅವ್ವಾ,

ಶೋಭಕ್ಕನ ಮೊಬೈಲಿನಲ್ಲಿ ನಾಲ್ಕು ಸಂಜೆ ಕೆರೆಗೆ ಹೋದೆ. ಕರಿಬೇವು ಇಲ್ಲ. ದಂಡೆಯಲ್ಲಿ ಯಾರೂ ಇಲ್ಲ. ನಿನ್ನೆ ಹತ್ತನೇ ಲೆವೆಲ್ ಆಯಿತು, ಈಗ ಮಾತಾಡಬಹುದು. ಯಾರ ಜೊತೆ ಮಾತಾಡಲಿ?

ಹನ್ನೆರಡಕ್ಕೆ ನೀನು ಗೋಕಾಕಕ್ಕೆ ಹೋಗಬೇಕು. ಹೋಗುತ್ತೇನೆ ಎಂದು ಬರೆ. ಹೋಗದಿದ್ದರೆ ನನಗೆ ಕಾಗದ ಬರೆಯಬೇಡ.

ರಾಜಿ


ಗೋಕಾಕ
14 ಸೆಪ್ಟೆಂಬರ್ 2024

ರಾಜಿ,

ಹೋದೆ. ಸುಮನ್ ಬಂದಳು.

ಹನ್ನೊಂದರವರೆಗೂ ಕೋರ್ಟಿನ ಮೆಟ್ಟಿಲ ಬಳಿ ನಿಂತಿದ್ದೆ. ಗೇಟಿನಲ್ಲಿ ಶ್ರೀಶೈಲನ ಜೀಪಿತ್ತು. ಬರುವ ಪ್ರತಿ ಆಟೋದ ಒಳಗೆ ಅವನೂ ನೋಡುತ್ತಿದ್ದ, ನಾನೂ ನೋಡುತ್ತಿದ್ದೆ. ಅವಳು ಆಟೋದಲ್ಲಿ ಬರಲಿಲ್ಲ. ಕಟ್ಟಡದ ಒಳಗಿನಿಂದಲೇ, ವಕೀಲರ ಹಿಂದೆ ನಡೆದು ಬಂದಳು. ಬೆಳಿಗ್ಗೆ ಏಳಕ್ಕೇ ಬಂದು ಒಳಗೆ ಕುಳಿತಿದ್ದಳಂತೆ. ಬಾಜೂಕ್ಕೆ ಲಗಮಣ್ಣನ ಹೆಂಡತಿ ಯಲ್ಲವ್ವ ಅವಳ ಕೈ ಹಿಡಿದುಕೊಂಡಿದ್ದಳು. ಇಷ್ಟು ತಿಂಗಳು ಸುಮನ್ ಇದ್ದದ್ದು ಯಮಕನಮರಡಿಯಲ್ಲಿ, ಯಲ್ಲವ್ವನ ತವರುಮನೆಯಲ್ಲಿ. ನಮ್ಮ ಮನೆಯ ಸಲುವಾಗಿ ಯಾರ ಗಂಡ ಕಟಕಟೆಯಲ್ಲಿ ನಿಂತಿದ್ದಾನೋ ಅವಳೇ ನಮ್ಮ ಮಗಳಿಗೆ ರೊಟ್ಟಿ ಹಾಕಿದ್ದಾಳೆ.

ಸುಮನ್ ಸೊರಗಿದ್ದಾಳೆ. ದನಿ ಮಾತ್ರ ಗಟ್ಟಿಯಾಗಿತ್ತು. ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಸರ್ಕಾರಿ ವಕೀಲರು ಒಂದು ತಾಸು ತಿರುಗಿಸಿ ತಿರುಗಿಸಿ ಕೇಳಿದರು. ಕೊನೆಗೆ, “ಇಷ್ಟೆಲ್ಲ ನೀ ಒಬ್ಬಾಕಿನ ನೋಡೀದಿ. ಬ್ಯಾರೆ ಸಾಕ್ಷಿ ಯಾರೂ ಇಲ್ಲ. ಹೌದಿಲ್ಲೋ?” ಎಂದರು. ಅವಳು ಹೌದು ಎಂದಳು.

ಆ ‘ಹೌದು’ ಸುಳ್ಳು, ರಾಜಿ. ಅವಳಿಗೆ ಗೊತ್ತಿಲ್ಲದ ಸುಳ್ಳು. ಅಪಘಾತವಾದ ದಿನ ಸಂಜೆ ಲಗಮಣ್ಣ ನಮ್ಮ ದನದ ಕೊಟ್ಟಿಗೆಯಲ್ಲಿದ್ದ. ಎಮ್ಮೆ ಕರು ಹಾಕುವುದಿತ್ತು, ನಾಲ್ಕರಿಂದ ಆರೂವರೆಯವರೆಗೆ ಅವನು ಅಲ್ಲಿಂದ ಕದಲಿಲ್ಲ. ನಾನೇ ಕೈಯಾರೆ ಅವನಿಗೆ ಚಹಾ ಕೊಟ್ಟಿದ್ದೆ. ಟ್ರ್ಯಾಕ್ಟರ್ ಅಪ್ಪಣ್ಣನ ಮೇಲೆ ಹೋದದ್ದು ಐದೂವರೆಗೆ. ಆ ಹೊತ್ತಿಗೆ ಲಗಮಣ್ಣ ಎಲ್ಲಿದ್ದನೆಂದು ಇಪ್ಪತ್ತು ತಿಂಗಳಿಂದ ಬಲ್ಲವಳು ನಾನು. ಬಾಯಿ ಬಿಡಲಿಲ್ಲ.

ಹೊರಗೆ ಬಂದಾಗ ಸುಮನ್ ನನ್ನ ಎದುರು ನಿಂತಳು. ಆಮೇಲೆ ಅವಳೇ ಧುಪದಾಳದ ವಿಚಾರ ಹೇಳಿದಳು: “ಗುಬ್ಬಿ ಬುಟ್ಟಿ ತುಂಬ ಮೀನ ಇಟಗೊಂಡ ಕುಂತಿತ್ತು. ಅದು ನೀ ಅಲ್ಲಂತ ನಂಗ ಸಂಶೇ ಇತ್ತು. ಅಷ್ಟರಾಗ ಒಂದ ಹೊಸ ಬೊಂಬಿ ಮುಂದ ಬಂದ ಮೀನ ಬಿಡಾಕ ಹತ್ತಿತು. ಯಾರರ ಆಗಲಿ, ನಮ್ಮವರ ಅಂತ ಖಾತ್ರಿ ಆತು.”

ನಾನು ಅವಳ ಕೈ ಹಿಡಿದು ನೆಟ್ಟಗೆ ವಕೀಲರ ಹತ್ತಿರ ಕರೆದುಕೊಂಡು ಹೋದೆ. ಎಮ್ಮೆ, ಚಹಾ, ಹೊತ್ತು, ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, “ಅವ್ವಾರ, ಇದನ್ನ ಹೇಳಿದ ಮ್ಯಾಲ ನೀವು ಆ ಮನಿಗಿ ಹೋಗಾಕ ಆಗತೈತೇನ್ರಿ?” ಎಂದರು. ಬರೆದುಕೊಳ್ಳಿ ಎಂದೆ. ಇಪ್ಪತ್ತಾರಕ್ಕೆ ನನ್ನ ಸಾಕ್ಷಿ.

ಸದ್ಯ ಗೋಕಾಕದಲ್ಲಿ ವಕೀಲರ ಪರಿಚಯದವರ ಒಂದು ಕೋಣೆಯಲ್ಲಿ ಇಬ್ಬರೂ ಇದ್ದೇವೆ.

ಅವ್ವ


ಗೋಕಾಕ
28 ಸೆಪ್ಟೆಂಬರ್ 2024

ಚಿರಂಜೀವಿ ರಾಜೇಶ್ವರಿಗೆ,

ಈ ಕಾಗದವನ್ನು ಪೋಸ್ಟಿಗೇ ಹಾಕುತ್ತಿದ್ದೇನೆ. ವಾರ್ಡನ್ ಮೇಡಂ ಓದಲಿ.

ಹದಿನೆಂಟಕ್ಕೆ ನಿನ್ನ ಅಪ್ಪ ಅಂಗನವಾಡಿಗೆ ಬಂದಿದ್ದರು. ಮಕ್ಕಳಿಗೆ ಊಟ ಬಡಿಸುತ್ತಿದ್ದೆ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತರು. “ಸಾಕ್ಷಿ ಹೇಳಬ್ಯಾಡ. ನನ್ನ ಹೆಸರೂ ಬರ್ತೈತಿ,” ಎಂದರು. “ಬರ್ತೈತ್ರಿ,” ಎಂದೆ. ಆಮೇಲೆ, “ಸುಮನ್ ಹೆಂಗದಾಳ?” ಎಂದು ಕೇಳಿದರು. “ಬಂದು ನೋಡ್ರಿ,” ಎಂದೆ. ತಿರುಗಿ ಹೋದರು. ಇದುವರೆಗೆ ಬಂದಿಲ್ಲ. ಬರುತ್ತಾರೆ ಎಂದು ನಿನಗೆ ಆಸೆ ಹಚ್ಚುವುದಿಲ್ಲ.

ಮೊನ್ನೆ ಕೋರ್ಟಿನಲ್ಲಿ ಸಾಕ್ಷಿ ಕಟಕಟೆ ಹತ್ತಿದೆ. ಶ್ರೀಶೈಲ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ, ಅವನ ಕಡೆ ನೋಡಲಿಲ್ಲ. ಲಗಮಣ್ಣ ಎಲ್ಲಿದ್ದ, ಎಷ್ಟು ಹೊತ್ತಿಗೆ ಇದ್ದ, ಆಮೇಲೆ ಮನೆಯಲ್ಲಿ ಯಾರು ಯಾರಿಗೆ ಏನು ಹೇಳಿದರು, ಎಲ್ಲ ಹೇಳಿದೆ. ಸರ್ಕಾರಿ ವಕೀಲರು ಕೇಳಿದರು:

“ಇಪ್ಪತ್ತ ತಿಂಗಳ ಯಾಕ ಸುಮ್ಮನಿದ್ರಿ?”

“ಅಂಜಿದ್ದೆನ್ರಿ.”

“ಈಗ ಅಂಜಿಕಿ ಹೋತೇನು?”

“ಇಲ್ರಿ. ಈಗೂ ಅಂಜಾಕತ್ತೇನಿ.”

ಜಡ್ಜ್ ಸಾಹೇಬರು ತಲೆ ಎತ್ತಿ ನೋಡಿದರು. ಬರೆದುಕೊಳ್ಳುವವನಿಗೆ, “ಹಾಂಗ ಬರಕೋರಿ, ಅವರು ಹೇಳಿದಂಗ,” ಎಂದರು.

ಅಪ್ಪಣ್ಣನ ಮಗಳೂ ಕೋರ್ಟಿಗೆ ಬಂದಿದ್ದಳು. ಹೊರಗೆ ನನ್ನ ಹತ್ತಿರ ಬಂದಾಗ ಬೈಯುತ್ತಾಳೆ ಎಂದುಕೊಂಡೆ. ಕೈಯಲ್ಲಿದ್ದ ನೀರಿನ ಬಾಟಲಿ ನನಗೆ ಕೊಟ್ಟು ಹೋದಳು.

ತೀರ್ಪು ಮುಂದಿನ ತಿಂಗಳು. ಲಗಮಣ್ಣ ಬಿಡುಗಡೆ ಆಗುತ್ತಾನೆ ಎಂದು ವಕೀಲರು ಹೇಳುತ್ತಾರೆ. ಆಮೇಲೆ ಶ್ರೀಶೈಲನ ಮೇಲೆ ಕೇಸು, ಅದರಲ್ಲಿ ನಿನ್ನ ಅಪ್ಪನ ಹೆಸರು. ಆ ಕಟಕಟೆಯಲ್ಲಿ ಅವರನ್ನು ನಾನು ಹೇಗೆ ನೋಡುತ್ತೇನೋ ಗೊತ್ತಿಲ್ಲ. ನಾನು ದಿನಾ ಬಸ್ಸಿನಲ್ಲಿ ಮೂಡಲಗಿಗೆ ಹೋಗಿ ಅಂಗನವಾಡಿ ಮುಗಿಸಿ ಬರುತ್ತೇನೆ. ಸುಮನ್‌ಗೆ ಇಲ್ಲೇ ಒಂದು ದವಾಖಾನೆಯಲ್ಲಿ ಕೆಲಸ ಸಿಕ್ಕಿದೆ. ನಮ್ಮ ಮನೆಯ ಓಣಿಯಲ್ಲಿ ಇಬ್ಬರು ಹೆಂಗಸರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಮೂರನೆಯವಳು ಬಸ್ ಸ್ಟ್ಯಾಂಡಿಗೆ ಬಂದು ನನ್ನ ಬಟ್ಟೆಗಳ ಗಂಟು ಕೊಟ್ಟು ಹೋದಳು.

ದಸರಾ ರಜೆ ಶುರುವಾಗುವ ದಿನ ನಿನ್ನನ್ನು ಕರೆದೊಯ್ಯಲು ಹುಕ್ಕೇರಿಗೆ ಬರುತ್ತೇವೆ. ಕರೆದೊಯ್ಯುವವರ ಹೆಸರನ್ನು ಮುಂಚೆಯೇ ಆಫೀಸಿನಲ್ಲಿ ಬರೆಸಬೇಕಂತೆ. ಪ್ರವೇಶದ ದಿನ ಹಾಸ್ಟೆಲ್ ಫಾರ್ಮಿನಲ್ಲಿ ‘ಒಡಹುಟ್ಟಿದವರು’ ಎಂಬಲ್ಲಿ ನಿನ್ನ ಅಪ್ಪ ಗೆರೆ ಎಳೆದಿದ್ದರು, ನಾನು ನೋಡಿಯೂ ಸುಮ್ಮನಿದ್ದೆ. ನೀನು ಮೇಡಂ ಹತ್ತಿರ ಹೋಗಿ ಆ ಫಾರ್ಮ್ ಇಸಿದುಕೊಂಡು ಸರಿ ಮಾಡು. ಅಕ್ಕ, ಸುಮನ್, ವಯಸ್ಸು ಇಪ್ಪತ್ತಮೂರು. ಬರುವವರು ಇಬ್ಬರು ಎಂದು ಬರೆಸು.

ನಿನ್ನ ಅವ್ವ
ಶಿವಗಂಗವ್ವ